ಕಾಲು ಅಂಗುಲದ ತೋಟಾಗಳು: ವೇಗದ ಮೋಹ, ಮಿತಿಯ ಆಯ್ಕೆ

ಉತ್ತರ ಅಮೆರಿಕದ ಬೇಟೆಗಾರರಲ್ಲಿ ‘ಕ್ವಾರ್ಟರ್ ಬೋರ್’ ಎಂಬ ಹೆಸರಿನಿಂದ ಪರಿಚಿತವಾದ ರೈಫಲ್ ತೋಟಾಗಳ ಕುಲವೊಂದಿದೆ. ನಳಿಗೆಯ ಒಳವ್ಯಾಸವು ಅಂಗುಲದ ಕಾಲುಭಾಗದಷ್ಟಿರುವುದೇ ಈ ಕುಲದ ಲಕ್ಷಣ. ಬೆಳೆ ಹಾಳುಮಾಡುವ ಸಣ್ಣ ಪ್ರಾಣಿಗಳಿಗೆ ಬಳಸುವ ಹಗುರ ಗುಂಡುಗಳಿಗೂ ಎಲ್ಕ್, ಮೂಸ್‌ಗಳಂಥ ಭಾರಿ ಪ್ರಾಣಿಗಳಿಗೆ ಬೇಕಾಗುವ ದಪ್ಪ ಗುಂಡುಗಳಿಗೂ ನಡುವೆ ನಿಲ್ಲುವ ಈ ತೋಟಾಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಅಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಆ ಚರ್ಚೆಯ ಇತಿಹಾಸವನ್ನು ಪರಿಶೀಲಿಸಿದರೆ, ವೇಗದ ಅಂಕಿಯೊಂದನ್ನೇ ನಂಬಿ ಮಾಡಿದ ಆಯ್ಕೆಗಳಿಗಿಂತ ಗುಂಡಿನ ತೂಕ, ನಳಿಗೆಯ ರಚನೆ ಮತ್ತು ಹೊಡೆಯುವವನ ಸಾಮರ್ಥ್ಯಗಳನ್ನು ಒಟ್ಟಿಗೆ ತೂಗಿ ಮಾಡಿದ ಆಯ್ಕೆಗಳೇ ಬಾಳಿಕೆ ಬಂದಿರುವುದು ಕಾಣುತ್ತದೆ.

ತೋಟಾ ಎಂದರೆ ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ತುಂಬಿದ ಮದ್ದು ಮತ್ತು ಬಾಯಿಗೆ ಕೂರಿಸಿದ ಗುಂಡು, ಈ ನಾಲ್ಕೂ ಸೇರಿದ ಘಟಕ. ರೈಫಲ್‌ನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳಿದ್ದು, ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಅದರ ಹಾದಿಯನ್ನು ಸ್ಥಿರಗೊಳಿಸುತ್ತವೆ. ತೋಡುಗಳ ನಡುವಿನ ಏಣುಗಳಿಂದ ಅಳೆದರೆ ಕಾಲು ಅಂಗುಲದ ನಳಿಗೆಯ ವ್ಯಾಸ .250 ಅಂಗುಲವಾದರೆ, ತೋಡುಗಳ ತಳದಿಂದ ಅಳೆದಾಗ ಅದು .257 ಆಗುತ್ತದೆ, ಆದ್ದರಿಂದ ಹೆಸರಿನಲ್ಲಿ .25, .250, .257 ಎಂದು ಬೇರೆ ಬೇರೆ ಅಂಕಿಗಳಿದ್ದರೂ ಈ ತೋಟಾಗಳೆಲ್ಲ ಬಳಸುವುದು ಒಂದೇ ವ್ಯಾಸದ ಗುಂಡನ್ನು. ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಹೇಳುವ ರೂಢಿಯಿದ್ದು, 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ.

ಈ ಕುಲದ ಮೊದಲ ಜನಪ್ರಿಯ ಜಿಂಕೆ ತೋಟಾಗಳಲ್ಲಿ ಒಂದಾದ .25-35 ವಿಂಚೆಸ್ಟರ್ 1895ರಲ್ಲಿ, ಹೊಗೆರಹಿತ ಮದ್ದು ಆಗಷ್ಟೇ ಬಳಕೆಗೆ ಬರುತ್ತಿದ್ದ ಕಾಲದಲ್ಲಿ, ಸನ್ನೆಗೋಲನ್ನು ಎಳೆದು ತೋಟಾ ಏರಿಸುವ ವಿಂಚೆಸ್ಟರ್ 1894 ಮಾದರಿಯ ಲಿವರ್ ರೈಫಲ್‌ಗೆಂದು ಬಂದಿತು. ಆ ರೈಫಲ್‌ನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತಿದ್ದುದರಿಂದ, ಚೂಪು ಮೂತಿಯ ಗುಂಡು ಮುಂದಿನ ತೋಟಾದ ಕೇಪಿಗೆ ತಾಗಿ ಸಿಡಿಯುವ ಅಪಾಯವಿತ್ತು. ಹೀಗಾಗಿ ಚಪ್ಪಟೆ ಮೂತಿಯ ಗುಂಡನ್ನೇ ಬಳಸಬೇಕಾಗಿ ಬಂದು, ಗಾಳಿಯ ತಡೆಯಿಂದ ಅದರ ವೇಗ ಬೇಗನೆ ಕುಂದುತ್ತಿತ್ತು. 117 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,230 ಅಡಿ ವೇಗದಲ್ಲಿ ಹೊರಡುತ್ತಿದ್ದ ಈ ತೋಟಾ ಕಾಡಿನೊಳಗಿನ ಹತ್ತಿರದ ಬೇಟೆಗೆ ಮೀಸಲಾಯಿತು.

ಈ ಮಿತಿಯನ್ನು ಮೀರಿದವನು ತೋಟಾಗಳ ವಿನ್ಯಾಸಕ ಚಾರ್ಲ್ಸ್ ನ್ಯೂಟನ್. ಸ್ಯಾವೇಜ್ ಕಂಪನಿಯ 1899 ಮಾದರಿಯ ಲಿವರ್ ರೈಫಲ್‌ನಲ್ಲಿ ತೋಟಾಗಳು ತಿರುಗುವ ಗಾಲಿಯೊಂದರ ಸುತ್ತ ಬೇರೆ ಬೇರೆಯಾಗಿ ಕೂರುತ್ತಿದ್ದುದರಿಂದ ಚೂಪು ಗುಂಡುಗಳ ಬಳಕೆಗೆ ಅಡ್ಡಿಯಿರಲಿಲ್ಲ, ಆ ರೈಫಲ್‌ಗೆಂದು ನ್ಯೂಟನ್ ರೂಪಿಸಿದ ತೋಟಾ 1915ರಲ್ಲಿ ಮಾರುಕಟ್ಟೆಗೆ ಬಂದಿತು. ನ್ಯೂಟನ್‌ನ ಒಲವು 100 ಗ್ರೇನ್ ಗುಂಡಿನ ಕಡೆಗಿದ್ದರೂ, ಸೆಕೆಂಡಿಗೆ 3,000 ಅಡಿ ಎಂಬ ಅಂಕಿಯನ್ನು ಜಾಹೀರಾತಿಗೆ ಬಳಸಬೇಕೆಂದಿದ್ದ ಕಂಪನಿ 87 ಗ್ರೇನ್‌ನ ಹಗುರ ಗುಂಡನ್ನು ಆರಿಸಿ, ತೋಟಾಕ್ಕೆ .250-3000 ಎಂದೇ ಹೆಸರಿಟ್ಟಿತು. ಹಗುರ ಗುಂಡಿಗೆ ಹೊಂದುವಂತೆ ನಳಿಗೆಯ ಸುರುಳಿಯನ್ನೂ 14 ಅಂಗುಲಕ್ಕೆ ಒಂದು ಸುತ್ತಿನಂತೆ ನಿಧಾನವಾಗಿ ಕೊರೆಯಲಾಯಿತು, ಇದರಿಂದ ಉದ್ದನೆಯ ಭಾರ ಗುಂಡುಗಳಿಗೆ ಸ್ಥಿರವಾಗಿ ಹಾರಲು ಬೇಕಾದ ತಿರುಗುವೇಗ ಆ ನಳಿಗೆಗಳಲ್ಲಿ ಸಿಗದೆ ಹೋಯಿತು. ತೋಟಾದ ಗುಣವನ್ನು ಜಾಹೀರಾತಿನ ಅಂಕಿ ನಿರ್ಧರಿಸಿದ ಈ ಪ್ರಸಂಗದ ಪರಿಣಾಮವನ್ನು ಈ ಕುಲ ದಶಕಗಳ ಕಾಲ ಅನುಭವಿಸಿತು. ಹಾಗಿದ್ದರೂ ಒದೆತ ಕಡಿಮೆ, ಗುರಿ ನಿಖರ ಎಂಬ ಕಾರಣಕ್ಕೆ .250-3000 ಜನಪ್ರಿಯವಾಯಿತು. ಅದರ ಕೇಸಿನ ಕತ್ತನ್ನೇ ಕಿರಿದುಗೊಳಿಸಿ ಮಾಡಿದ .22-250 ತೋಟಾ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ.

ಎರಡನೆಯ ಮುಖ್ಯ ಹೆಜ್ಜೆ ನೆಡ್ ರಾಬರ್ಟ್ಸ್ ಎಂಬ ಬಂದೂಕು ತಜ್ಞನದು. ಜರ್ಮನ್ ಮೂಲದ 7×57 ಮೌಸರ್ ತೋಟಾದ ಕೇಸಿಗೆ ಕಾಲು ಅಂಗುಲದ ಕತ್ತು ಮಾಡಿ 1920ರ ದಶಕದಲ್ಲಿ ಆತ ನಡೆಸಿದ ಪ್ರಯೋಗಗಳನ್ನು ಆಧರಿಸಿ ರೆಮಿಂಗ್ಟನ್ ಕಂಪನಿ 1934ರಲ್ಲಿ .257 ರಾಬರ್ಟ್ಸ್ ತೋಟಾವನ್ನು ಹೊರತಂದಿತು. ಭಾರತದ ಓದುಗರಿಗೆ ಈ ಮೂಲ ಕೇಸು ತೀರ ಅಪರಿಚಿತವೇನಲ್ಲ, ಏಕೆಂದರೆ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ ಬಳಸುತ್ತಿದ್ದುದು, ಇಂಗ್ಲಿಷ್ ಹೆಸರು ಹೊತ್ತ ಇದೇ 7×57 ತೋಟಾವನ್ನು. .257 ರಾಬರ್ಟ್ಸ್‌ನ ದೌರ್ಬಲ್ಯ ಅದರ ರಚನೆಯಲ್ಲಿರಲಿಲ್ಲ. ಹಳೆಯ ರೈಫಲ್‌ಗಳ ಸುರಕ್ಷತೆಯನ್ನು ನೆನೆದು ಕಾರ್ಖಾನೆಗಳು ಕಡಿಮೆ ಒತ್ತಡದ ಮದ್ದನ್ನೂ ದುಂಡು ಮೂತಿಯ ಗುಂಡನ್ನೂ ತುಂಬಿದ್ದರಿಂದ ಅದರ ನಿಜವಾದ ಸಾಮರ್ಥ್ಯ ಹೊರಬರಲಿಲ್ಲ. 1955ರಲ್ಲಿ .243 ವಿಂಚೆಸ್ಟರ್ ಬಂದ ಮೇಲೆ ಅದರ ಮಾರಾಟ ಕುಸಿಯಿತು. ಮುಂದೆ ‘ಪ್ಲಸ್ ಪಿ’ ಎಂಬ ಗುರುತಿನ, ಹೆಚ್ಚಿನ ಒತ್ತಡದ ತೋಟಾಗಳು ಬಂದು, 117 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,780 ಅಡಿ ವೇಗ ಪಡೆಯುವಂತಾದ ಮೇಲಷ್ಟೇ ಅದರ ಯೋಗ್ಯತೆ ಸ್ಪಷ್ಟವಾಯಿತು.

.25-06ರ ಕಥೆ ಇದಕ್ಕಿಂತ ಭಿನ್ನ. ಅಮೆರಿಕದ ಸೇನೆ 1906ರಲ್ಲಿ ಅಳವಡಿಸಿಕೊಂಡ .30-06 ತೋಟಾದ ಕೇಸನ್ನು ಕಾಲು ಅಂಗುಲಕ್ಕೆ ಇಳಿಸುವ ಕೆಲಸವನ್ನು ಎ. ಒ. ನೀಡ್ನರ್ ಎಂಬ ಬಂದೂಕು ತಯಾರಕ 1920ರ ಸುಮಾರಿಗೇ ಮಾಡಿದ್ದರೂ, ಅಷ್ಟು ದೊಡ್ಡ ಕೇಸಿಗೂ ಅಷ್ಟು ಕಿರಿದಾದ ನಳಿಗೆಗೂ ಒಪ್ಪುವಂಥ, ನಿಧಾನವಾಗಿ ಉರಿಯುವ ಮದ್ದು ಆಗ ಇರಲಿಲ್ಲ. ಬೇಗ ಉರಿಯುವ ಮದ್ದು ಗುಂಡು ಮುಂದೆ ಸರಿಯುವ ಮೊದಲೇ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ, ಫಿರಂಗಿ ತೋಟಾಗಳಿಗೆಂದು ತಯಾರಾಗಿ ಉಳಿದಿದ್ದ 4831 ಎಂಬ ನಿಧಾನದ ಮದ್ದು ಹಾಜ್ಡನ್ ಕಂಪನಿಯ ಮೂಲಕ ಅಗ್ಗವಾಗಿ ಸಿಗತೊಡಗಿದಾಗ ಈ ಕೊರತೆ ನೀಗಿತು. ರೆಮಿಂಗ್ಟನ್ 1969ರಲ್ಲಿ .25-06 ಅನ್ನು ಅಧಿಕೃತ ತೋಟಾವಾಗಿಸಿತು. 100 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 3,230 ಅಡಿ ವೇಗದಲ್ಲಿ ಹಾರಿಸುವ ಇದು, ಮರೆಯಿಲ್ಲದ ಬಯಲಿನಲ್ಲಿ ದೂರದಲ್ಲೇ ನಿಲ್ಲುವ ಪ್ರಾಂಗ್‌ಹಾರ್ನ್ ಎಂಬ ಹುಲ್ಲೆಯಂಥ ಪ್ರಾಣಿಯ ಬೇಟೆಗೆ ಹೇಳಿ ಮಾಡಿಸಿದಂತಿದೆ.

ವೇಗದ ತುತ್ತತುದಿಯಲ್ಲಿರುವುದು ರಾಯ್ ವೆದರ್‌ಬಿ 1944ರಲ್ಲಿ ರೂಪಿಸಿದ, ಅವನ ಸ್ವಂತ ಮೆಚ್ಚಿನ ತೋಟಾವೂ ಆಗಿದ್ದ .257 ವೆದರ್‌ಬಿ ಮ್ಯಾಗ್ನಮ್. ಇದರ 100 ಗ್ರೇನ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 3,600 ಅಡಿ. ಆದರೆ .257 ರಾಬರ್ಟ್ಸ್‌ಗೆ ಹೋಲಿಸಿದರೆ ಒಂದೂವರೆ ಪಟ್ಟಿಗೂ ಹೆಚ್ಚು ಮದ್ದು ಸುಟ್ಟು ಗಳಿಸುವ ಹೆಚ್ಚಿನ ವೇಗ ಐದರಲ್ಲೊಂದು ಪಾಲನ್ನು ದಾಟುವುದಿಲ್ಲ. ಜೊತೆಗೆ ಬಿಸಿ ಅನಿಲದಿಂದ ನಳಿಗೆಯ ಗಂಟಲು ಬೇಗ ಸವೆಯುತ್ತದೆ, ಮದ್ದು ಪೂರ್ತಿ ಉರಿಯಲು 26 ಅಂಗುಲದ ಉದ್ದ ನಳಿಗೆ ಬೇಕಾಗುತ್ತದೆ, ತೋಟಾದ ಬೆಲೆಯೂ ಹೆಚ್ಚು. ಹತ್ತಿರದಿಂದ ಹೊಡೆದಾಗ ತೆಳು ಹೊದಿಕೆಯ ಗುಂಡು ಈ ವೇಗಕ್ಕೆ ಒಡೆದು ಚೂರಾಗಿ, ಆಳಕ್ಕೆ ಇಳಿಯದೆ ಮಾಂಸವನ್ನಷ್ಟೇ ಹಾಳುಮಾಡುವ ಸಂಭವವೂ ಉಂಟು.

ಇತ್ತೀಚಿನ ವರ್ಷಗಳಲ್ಲಿ ಈ ಕುಲಕ್ಕೆ ಮರುಜೀವ ಬಂದಿರುವುದು ಇನ್ನಷ್ಟು ಮದ್ದಿನಿಂದಲ್ಲ, ಸುರುಳಿಯ ಬದಲಾವಣೆಯಿಂದ. ಹತ್ತು ಅಂಗುಲಕ್ಕೆ ಒಂದು ಸುತ್ತಿನ ರೂಢಿಯ ನಳಿಗೆಯಲ್ಲಿ 120 ಗ್ರೇನ್ ಆಸುಪಾಸಿನ ಗುಂಡುಗಳೇ ಮಿತಿಯಾಗಿದ್ದರೆ, ಏಳು ಎಂಟು ಅಂಗುಲಕ್ಕೇ ಒಂದು ಸುತ್ತು ಬರುವ ಹೊಸ ನಳಿಗೆಗಳು 130 ಗ್ರೇನ್ ದಾಟಿದ, ಗಾಳಿಯನ್ನು ಸೀಳಿಹೋಗುವ ನೀಳ ಗುಂಡುಗಳನ್ನೂ ಸ್ಥಿರಗೊಳಿಸುತ್ತವೆ; .25 ಕ್ರೀಡ್‌ಮೂರ್ ಎಂಬ ಹೊಸ ತೋಟಾ ರೂಪುಗೊಂಡಿರುವುದು ಈ ತತ್ವದ ಮೇಲೆಯೇ. ಸೀಸದ ಗುಂಡಿನ ಚೂರುಗಳನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದನ್ನು ಮನಗಂಡ ಕ್ಯಾಲಿಫೋರ್ನಿಯ ರಾಜ್ಯ, 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ಸೀಸದ ಬದಲಿಗೆ ಬಳಸುವ, ಅದಕ್ಕಿಂತ ಹಗುರವಾದ ತಾಮ್ರದ ಗುಂಡು ಅದೇ ತೂಕಕ್ಕೆ ಹೆಚ್ಚು ಉದ್ದವಾಗುವುದರಿಂದ ಅಲ್ಲಿಯೂ ಬಿಗಿ ಸುರುಳಿಯೇ ಅನುಕೂಲ.

ಆಯ್ಕೆಯ ಮಾನದಂಡಗಳನ್ನು ಹೊರಗಿನ ಕಾನೂನೂ ಒಳಗಿನ ವಿವೇಕವೂ ಸೇರಿ ನಿಗದಿಮಾಡುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರ ಜಿಂಕೆ ಕಾಯ್ದೆಯು ದೊಡ್ಡ ಜಿಂಕೆಗಳ ಬೇಟೆಗೆ ಕನಿಷ್ಠ .240 ಅಂಗುಲದ ವ್ಯಾಸವನ್ನೂ ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್ ಶಕ್ತಿಯನ್ನೂ ವಿಧಿಸುತ್ತದೆ; ಅಡಿ-ಪೌಂಡ್ ಎಂದರೆ ಒಂದು ಪೌಂಡ್ ತೂಕವನ್ನು ಒಂದಡಿ ಎತ್ತಲು ಬೇಕಾದ ಶಕ್ತಿ. ಮೇಲೆ ಹೇಳಿದ ವೇಗದಲ್ಲಿ .257 ರಾಬರ್ಟ್ಸ್‌ನ ಶಕ್ತಿ ಸುಮಾರು 2,000 ಅಡಿ-ಪೌಂಡ್ ಆಗಿ ಈ ಗಡಿಯನ್ನು ಸಲೀಸಾಗಿ ದಾಟುತ್ತದೆ. ಒಂದೇ ತೂಕದ ರೈಫಲ್‌ಗಳಲ್ಲಿ ಅದರ ಒದೆತ .30-06ರ ಒದೆತದ ಅರ್ಧದಷ್ಟೇ. ಒದೆತಕ್ಕೆ ಹೆದರಿ ಕುದುರೆ ಎಳೆಯುವ ಕ್ಷಣದಲ್ಲಿ ಮೈ ಬಿಗಿಹಿಡಿಯುವವನ ಗುರಿ ತಪ್ಪುತ್ತದೆ, ಗುರಿ ತಪ್ಪಿದರೆ ಪ್ರಾಣಿ ಗಾಯಗೊಂಡು ನರಳುತ್ತದೆ. ಆದ್ದರಿಂದ ಒದೆತದ ಪ್ರಶ್ನೆ ಹೊಡೆಯುವವನ ಸುಖದ ಪ್ರಶ್ನೆಯಷ್ಟೇ ಅಲ್ಲ, ಬೇಟೆಯ ಧರ್ಮದ ಪ್ರಶ್ನೆಯೂ ಹೌದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿ ಅಪರಾಧವಾಗಿರುವುದರಿಂದ ಇಲ್ಲಿನ ಓದುಗರಿಗೆ ಇದು ತಂತ್ರಜ್ಞಾನದ ಮತ್ತು ಇತಿಹಾಸದ ವಿಷಯವಾಗಿಯಷ್ಟೇ ಪ್ರಸ್ತುತ. ಅಮೆರಿಕದಲ್ಲಾದರೋ ಬೇಟೆ ಪರವಾನಗಿ, ಋತು ಮತ್ತು ಸಂಖ್ಯೆಯ ಕಟ್ಟುಪಾಡಿಗೆ ಒಳಪಟ್ಟು ನಡೆಯುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ಸಲ್ಲುತ್ತದೆ.

ಇಷ್ಟೆಲ್ಲವನ್ನೂ ತೂಗಿ ನೋಡಿದಾಗ, ಅಂಗಡಿಯ ತೋಟಾವನ್ನೇ ನಂಬಿ ಬಯಲುಸೀಮೆಯಲ್ಲಿ ದೂರದ ಗುರಿಗೆ ಹೊಡೆಯುವವರಿಗೆ .25-06 ಸೂಕ್ತ, ವೆದರ್‌ಬಿಯ ವೇಗ ಬೆರಗು ಹುಟ್ಟಿಸಿದರೂ ತೆರುವ ಬೆಲೆಗೆ ತಕ್ಕ ಫಲ ಅದರಲ್ಲಿಲ್ಲ. ಆದರೆ 250 ಗಜದೊಳಗಿನ ಜಿಂಕೆ ಬೇಟೆಗೆ, ಅದರಲ್ಲೂ ಖಾಲಿ ಕೇಸಿಗೆ ಕೇಪು, ಮದ್ದು, ಗುಂಡುಗಳನ್ನು ತಾವೇ ತುಂಬಿಕೊಳ್ಳಬಲ್ಲವರಿಗೆ, ಅಗುಳಿಯನ್ನು ಎಳೆದು ತೋಟಾ ಏರಿಸುವ ಗಟ್ಟಿಮುಟ್ಟಾದ ಆಧುನಿಕ ಬೋಲ್ಟ್ ರೈಫಲ್‌ನಲ್ಲಿ ಬಳಸುವ .257 ರಾಬರ್ಟ್ಸ್ ತೋಟಾವೇ ಈ ಕುಲದಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು.