ಗಣಕಯಂತ್ರದ ನಮೂನೆಗಳಲ್ಲಿ ತಿದ್ದುಪಡಿ ಮೂಡದಿರುವುದು: ಕಾರಣ ಮತ್ತು ಪರಿಹಾರ

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ.

"ಹೆಸರು ತಿದ್ದಿಸಿದ್ದೇವೆ, ಆದರೂ ನಮೂನೆ-9ರಲ್ಲಿ ಹಳೆಯದೇ ಬರುತ್ತಿದೆ" ಎಂಬುದು ಸದಸ್ಯರು ಗ್ರಾಮಸ್ಥರಿಂದ ಆಗಾಗ ಕೇಳುವ ಮಾತು. ಇಂತಹ ದೋಷಗಳಲ್ಲಿ ಹಲವು ತಂತ್ರಾಂಶದ ಕೆಡುಕಿನಿಂದಲ್ಲ, ನಮೂದಿನ ಕ್ರಮದಿಂದ ಉಂಟಾಗುತ್ತವೆ. ಅವುಗಳನ್ನು ಕೆಳಕಂಡಂತೆ ಗುರುತಿಸಬಹುದು.

1. ಉಳಿಸುವಿಕೆ ಮತ್ತು ಅನುಮೋದನೆ: ಅಂಕಣದಲ್ಲಿ ಬೆರಳಚ್ಚು ಮಾಡಿದ ಮಾತ್ರಕ್ಕೆ ದತ್ತಾಂಶ ಬದಲಾಗುವುದಿಲ್ಲ. ಅದನ್ನು ಉಳಿಸಬೇಕು. ಇ-ಸ್ವತ್ತುವಿನಲ್ಲಿ ನಮೂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯಿಂದ ಅನುಮೋದನೆಗೊಂಡ ನಂತರವೇ ನಮೂನೆ-9 ಮತ್ತು ನಮೂನೆ-11ರಲ್ಲಿ ಮೂಡುತ್ತದೆ. ಆದ್ದರಿಂದ ಕಡತ ಯಾರ ಲಾಗಿನ್‌ನಲ್ಲಿ ನಿಂತಿದೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

2. ಲೆಕ್ಕದಿಂದ ಬರುವ ಅಂಕಣ: ಉದ್ದ ಮತ್ತು ಅಗಲ ನಾವು ನಮೂದಿಸುವ ಮೌಲ್ಯಗಳು, ವಿಸ್ತೀರ್ಣ ಅವುಗಳಿಂದ ಹುಟ್ಟುವ ಫಲ. ಫಲವನ್ನು ತಿದ್ದಲು ಯತ್ನಿಸದೆ ಮೂಲವನ್ನು ತಿದ್ದಬೇಕು. ಅಳತೆಯ ಮಾನವನ್ನೂ ನೋಡಬೇಕು. 30 ಅಡಿ, 40 ಅಡಿಯ ನಿವೇಶನ ಸುಮಾರು 111.5 ಚದರ ಮೀಟರ್ ಆಗುತ್ತದೆ. ಮೀಟರ್ ಅಂಕಣದಲ್ಲಿ 30 ಮತ್ತು 40 ಎಂದೇ ಬರೆದರೆ ಅದು 1200 ಚದರ ಮೀಟರ್ ಆಗಿ, ವಿಸ್ತೀರ್ಣ ಹತ್ತು ಪಟ್ಟಿಗೂ ಮೀರುತ್ತದೆ. ಇದರ ಪರಿಣಾಮ ತೆರಿಗೆಯ ಮೇಲೂ ಸ್ವತ್ತಿನ ದಾಖಲೆಯ ಮೇಲೂ ಆಗುತ್ತದೆ.

3. ಒಂದೇ ಹೆಸರು, ಎರಡು ಬರಹ: ಕಾಳಿ ನದಿ ದಂಡೆಯ ನಮ್ಮ ಗ್ರಾಮವನ್ನು ಕೆಲವರು ಕಡವಾಡ ಎಂದೂ ಕೆಲವರು ಕದ್ವಾಡ ಎಂದೂ ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ. ಗಣಕಯಂತ್ರಕ್ಕೆ ಅವು ಎರಡು ಬೇರೆ ಪದಗಳು. ಮನೆತನದ ಹೆಸರುಗಳಿಗೂ ಇದೇ ಮಾತು ಅನ್ವಯ. ಆದಕಾರಣ ಗ್ರಾಮದ ಹೆಸರನ್ನು ಪಟ್ಟಿಯಿಂದಲೇ ಆಯ್ಕೆ ಮಾಡಬೇಕು. ವ್ಯಕ್ತಿಯ ಹೆಸರನ್ನು ಆಧಾರ ದಾಖಲೆಯಲ್ಲಿರುವಂತೆಯೇ, ಹೆಚ್ಚುವರಿ ಖಾಲಿ ಜಾಗ ಬಿಡದೆ ಬರೆಯಬೇಕು.

4. ಬೇರೆ ತಂತ್ರಾಂಶದ ಪ್ರತಿ: ಒಂದು ತಂತ್ರಾಂಶದಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ತಾನಾಗಿಯೇ ಬದಲಾಗುತ್ತದೆಂದು ಭಾವಿಸಬಾರದು. ಇ-ಸ್ವತ್ತುವಿನಲ್ಲಿ ತಿದ್ದಿದ ಬಳಿಕ ಪಂಚತಂತ್ರದ ತೆರಿಗೆ ವಿವರವನ್ನೂ ಪರಿಶೀಲಿಸಿ, ಹೊಸದಾಗಿ ಮುದ್ರಿಸಿದ ಪ್ರತಿಯನ್ನೇ ನೋಡತಕ್ಕದ್ದು.

ಒಂದು ಅಕ್ಷರಕ್ಕೂ ಎಷ್ಟು ಬೆಲೆಯಿದೆ ಎಂಬುದನ್ನು 2019ರ ಆಗಸ್ಟ್ ತಿಂಗಳ ನೆರೆ ತೋರಿಸಿದೆ. ಆಗ ಹಾನಿಗೀಡಾದ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ ದಾಖಲಿಸಲಾಯಿತು. ಎ ವರ್ಗಕ್ಕೆ 5 ಲಕ್ಷ ರೂಪಾಯಿ, ಸಿ ವರ್ಗಕ್ಕೆ 50 ಸಾವಿರ ರೂಪಾಯಿ ಪರಿಹಾರ ನಿಗದಿಯಾಗಿತ್ತು. ಎ ಇರಬೇಕಾದಲ್ಲಿ ಸಿ ಎಂದು ಒತ್ತಿದರೆ ಒಂದು ಕುಟುಂಬಕ್ಕೆ ಆಗುವ ನಷ್ಟ ನಾಲ್ಕೂವರೆ ಲಕ್ಷ ರೂಪಾಯಿ.

ಸದಸ್ಯರು ತಾವೇ ನಮೂದು ಮಾಡಬೇಕಾಗಿಲ್ಲ. ಸಿಬ್ಬಂದಿಯ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯ ಸಾಧನವನ್ನು ಕೇಳಲೂಬಾರದು. ಅರ್ಜಿದಾರರಿಂದ ಲಿಖಿತ ಅರ್ಜಿ ಮತ್ತು ಮೂಲ ದಾಖಲೆಯ ಪ್ರತಿ ಕೊಡಿಸಿ, ಸ್ವೀಕೃತಿ ಪಡೆಯುವಂತೆ ತಿಳಿಸಬೇಕು. ಪರದೆಯ ಮೇಲೆ ದೋಷ ಸಂದೇಶ ಬಂದಲ್ಲಿ ಅದರ ಮುದ್ರಿತ ಪ್ರತಿಯನ್ನು ದಿನಾಂಕ ಸಹಿತ ಕಡತದಲ್ಲಿ ಇರಿಸುವಂತೆ ಸೂಚಿಸಬೇಕು. ಬಾಕಿ ಉಳಿದ ತಿದ್ದುಪಡಿಗಳ ಪಟ್ಟಿಯನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಓದಿಸಿದರೆ ಯಾವ ಅರ್ಜಿಯೂ ಮರೆಯಾಗಿ ಉಳಿಯದು.