ಖರಾಬು ಭೂಮಿಯ ಚಿತ್ರಗಳು

ನಿವೃತ್ತರಿಗೆ ಹವ್ಯಾಸವೊಂದು ಇರಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದಕ್ಕೆ ಪಿಂಚಣಿಯ ಎಷ್ಟು ಭಾಗ ಮೀಸಲಿರಬೇಕೆಂಬ ಪ್ರಶ್ನೆ ಎದ್ದಾಗ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯ ತಲೆದೋರುತ್ತದೆ. ನಿಸರ್ಗ ಛಾಯಾಗ್ರಹಣಕ್ಕೆ ಇಳಿದಾಗ ನಾನು ಅರ್ಥಶಾಸ್ತ್ರದ ಸೀಮಾಂತ ತುಷ್ಟಿಗುಣದ ನಿಯಮಕ್ಕೆ ಮೊರೆಹೋದೆ. ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾ, ಒಂದು ಲೆನ್ಸು, ಗಟ್ಟಿಯಾದ ಒಂದು ಟ್ರೈಪಾಡ್ ಇಷ್ಟೇ ನನ್ನ ಬಂಡವಾಳ. ಲಕ್ಷಗಟ್ಟಲೆ ಬೆಲೆಯ ಎರಡನೆಯ ಲೆನ್ಸು ಕೊಡುವುದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ಒಂದು ಗಂಟೆ ಮುಂಚಿತವಾಗಿ ಏಳುವ ಅಭ್ಯಾಸ ಕೊಡುತ್ತದೆ. ಸೂರ್ಯ ದಿಗಂತದ ಸಮೀಪವಿದ್ದಾಗ ನೆರಳು ಉದ್ದವಾಗಿ ಬಿದ್ದು ನೆಲದ ಏರುತಗ್ಗು, ಹುಲ್ಲಿನ ಎಳೆ ಎಲ್ಲವೂ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಅದೇ ಬಯಲು ಚಪ್ಪಟೆಯಾಗಿಬಿಡುತ್ತದೆ.

ಆಡಳಿತಕ್ಕೂ ಈ ಹವ್ಯಾಸಕ್ಕೂ ನಮ್ಮ ರಾಜ್ಯದಲ್ಲಿ ನಂಟು ಇಲ್ಲದಿಲ್ಲ. ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾಗಿದ್ದರು.

ನಾನು ಹೆಚ್ಚಾಗಿ ಹೋಗುವುದು ಹೆಸರಘಟ್ಟಕ್ಕೆ. ಬೆಂಗಳೂರಿಗೆ ಕುಡಿಯುವ ನೀರು ಒದಗಿಸಲೆಂದು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಆ ಕೆರೆ ಎಲ್ಲರಿಗೂ ಗೊತ್ತು. ಅದರ ನೆರೆಯ ಹುಲ್ಲುಗಾವಲನ್ನು ಗಮನಿಸಿದವರು ಕಡಿಮೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವಗಳು ಹಗಲೆಲ್ಲ ಹುಲ್ಲಿನ ಮೇಲೆ ತಗ್ಗಾಗಿ ಹಾರಾಡಿ, ರಾತ್ರಿ ಮರವನ್ನೇರದೆ ನೆಲದ ಮೇಲೆಯೇ ತಂಗುತ್ತವೆ. ನೆಲಗುಬ್ಬಿಗಳು ಗೂಡು ಕಟ್ಟುವುದೂ ನೆಲದಲ್ಲಿಯೇ. ಇಂಥ ಜೀವಿಗಳಿಗೆ ಬೇಕಾದದ್ದು ಮರವಿಲ್ಲದ ಬಯಲು. ಇಲ್ಲಿ ಸಸಿ ನೆಟ್ಟು ಹಸಿರೀಕರಣ ಮಾಡುತ್ತೇವೆಂದು ಹೊರಡುವ ಸದುದ್ದೇಶದ ಜನರು ಆ ಬಯಲನ್ನೇ ಕಸಿದುಕೊಂಡಂತಾಗುತ್ತದೆ. ವನಮಹೋತ್ಸವದ ಉತ್ಸಾಹಿಗಳಿಗೆ ಇದನ್ನು ಮನವರಿಕೆ ಮಾಡಿಕೊಡುವುದು ಸುಲಭವಲ್ಲ!

ಕಂದಾಯ ಇಲಾಖೆಯ ಭಾಷೆಯಲ್ಲಿ ಸಾಗುವಳಿಗೆ ಬಾರದ ನೆಲ 'ಖರಾಬು'. ಪಹಣಿಯಲ್ಲಿ ಖರಾಬಿಗೊಂದು ಕಲಂ ಇದೆ, ಹಕ್ಕಿಗೆ ಇಲ್ಲ. ದಾಖಲೆಯಲ್ಲಿ ಬರಡೆನಿಸಿಕೊಂಡ ಭೂಮಿ ಹೊಸ ಯೋಜನೆಗಳಿಗೆ ಮೊದಲು ಕಣ್ಣಿಗೆ ಬೀಳುವುದು ಸಹಜ. ಇದೇ ಪ್ರದೇಶವನ್ನು ಸಂರಕ್ಷಣಾ ಮೀಸಲಾಗಿ ಘೋಷಿಸುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತ್ತು. 2024ರಲ್ಲಿ ಸಚಿವ ಸಂಪುಟವು ಐದು ಸಾವಿರಕ್ಕೂ ಹೆಚ್ಚು ಎಕರೆಯ ಮೀಸಲಿಗೆ ಒಪ್ಪಿಗೆ ನೀಡಿತು. ಈ ಮಧ್ಯೆ ಇಲ್ಲಿನ ಜೀವಸಂಪತ್ತಿನ ಪರವಾಗಿ ಮಾತನಾಡಿದ ಸಾಕ್ಷ್ಯಗಳಲ್ಲಿ ಹವ್ಯಾಸಿಗಳು ವರ್ಷಗಟ್ಟಲೆ ತೆಗೆದ ಚಿತ್ರಗಳೂ ಇದ್ದವು ಎಂಬುದು ಗಮನಾರ್ಹ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಳಗೂ ದಿನಾಂಕ, ವೇಳೆಗಳನ್ನು ಬರೆದಿಡುತ್ತದೆ. ಕಡತಗಳ ನಡುವೆ ಆಯುಷ್ಯ ಕಳೆದವರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಿಲ್ಲ.

ಆದರೆ ಛಾಯಾಗ್ರಾಹಕರೆಲ್ಲ ಹುಲ್ಲುಗಾವಲಿನ ಮಿತ್ರರೆಂದು ಹೇಳುವ ಧೈರ್ಯ ನನಗಿಲ್ಲ. ಅಪರೂಪದ ಹಕ್ಕಿಯೊಂದು ಕಾಣಿಸಿಕೊಂಡಿತೆಂಬ ಸುದ್ದಿ ಹಬ್ಬಿದ ಮರುದಿನವೇ ಕಾರುಗಳು ಸಾಲುಗಟ್ಟುತ್ತವೆ. ಚಕ್ರದಡಿಯಲ್ಲಿ ಗೂಡಿದೆಯೋ ಮರಿಯಿದೆಯೋ ನೋಡುವ ವ್ಯವಧಾನ ಅನೇಕರಿಗಿಲ್ಲ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವವರೂ ಉಂಟು. ಪ್ರತಿಸ್ಪರ್ಧಿ ಬಂದಿತೆಂದು ಭ್ರಮಿಸಿ ಅದು ಮೇವು, ಮರಿಗಳನ್ನು ಬಿಟ್ಟು ಸುತ್ತುತ್ತದೆ. ಚಿತ್ರದ ಲಾಭ ಒಬ್ಬನಿಗೆ, ನಷ್ಟ ಸಾಮೂಹಿಕ ಸ್ವತ್ತಿಗೆ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ಸಮಸ್ಯೆ, ಮತ್ತು ಕೇವಲ ಉಪದೇಶದಿಂದ ಅದು ಬಗೆಹರಿದ ಉದಾಹರಣೆಗಳು ವಿರಳ.

ಸಂರಕ್ಷಣಾ ಮೀಸಲು ಎಂಬ ವರ್ಗ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯ ಮೂಲಕ. ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿಗಳ ಹಾಗೂ ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಹುಲ್ಲನ್ನು ನಂಬಿರುವ ದನಗಾಹಿಗಳ ಹಿತವೂ ಕ್ಯಾಮೆರಾ ಹಿಡಿದವರ ಓಡಾಟವೂ ಚರ್ಚೆಯಾಗಬೇಕಾದ ಸ್ಥಳ ಅದೇ. ಯಾವ ತಿಂಗಳುಗಳಲ್ಲಿ ಪ್ರವೇಶ, ವಾಹನ ಎಲ್ಲಿಯವರೆಗೆ ಎಂಬುದು ಲಿಖಿತವಾಗಿ ನಿಗದಿಯಾಗಲಿ. ಡಾಂಬರು ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ, ಟ್ರೈಪಾಡ್ ಹೆಗಲಿಗೇರಿಸಿ ಒಂದು ಕಿಲೋಮೀಟರು ನಡೆಯಲು ನನ್ನಂಥವರ ಅಭ್ಯಂತರವೇನಿಲ್ಲ. ವೈದ್ಯರು ಹೇಗೂ ದಿನವೂ ಅಷ್ಟು ನಡೆಯಲೇಬೇಕೆಂದು ವಿಧಿಸಿದ್ದಾರೆ.