ಪಕ್ಕದ ಮೇಜಿನ ಪಾಠ

ನಾಲ್ಕು ಗೋಡೆ, ಸಾಲು ಮೇಜು, ಒಂದು ಹಾಜರಿ ಪುಸ್ತಕ, ಇಷ್ಟೇ ಕಚೇರಿಯೆಂದು ತಿಳಿದವರಿಗೆ, ಅವುಗಳಿಲ್ಲದೆಯೂ ಕೆಲಸ ಸಾಗಬಲ್ಲದೆಂಬುದು 2020ರಲ್ಲಿ ಮನವರಿಕೆಯಾಯಿತು. ಮಹಾಮಾರಿ ಬಾಗಿಲುಗಳನ್ನು ಮುಚ್ಚಿಸಿತು. ಬೆಂಗಳೂರಿನ ಎಷ್ಟೋ ಮಂದಿ ತಂತ್ರಾಂಶ ನೌಕರರು ಲ್ಯಾಪ್‌ಟಾಪನ್ನು ಹೊತ್ತು ತಮ್ಮ ತಮ್ಮ ಊರು ಸೇರಿದರು. ಕೆಲಸ ನಿಲ್ಲಲಿಲ್ಲ. ಹಾಗಾದರೆ ಕಚೇರಿ ಏತಕ್ಕೆ? ಈ ಪ್ರಶ್ನೆಯ ಮುಂದೆ ಮೇಲಧಿಕಾರಿಗಳೂ ನೌಕರರೂ ಇಂದಿಗೂ ಎದುರುಬದುರಾಗಿ ನಿಂತಿದ್ದಾರೆ.

ಪ್ರಶ್ನೆ ತೀರ ಹೊಸತೇನಲ್ಲ. ನೌಕರನು ಕೆಲಸವಿದ್ದಲ್ಲಿಗೆ ಹೋಗುವ ಬದಲು ಕೆಲಸವೇ ತಂತಿಯ ಮೂಲಕ ಅವನಿದ್ದಲ್ಲಿಗೆ ಬರಬಾರದೇಕೆ ಎಂಬ ವಿಚಾರವನ್ನು ಅಮೆರಿಕದ ಜ್ಯಾಕ್ ನಿಲ್ಸ್ 1973ರಲ್ಲಿಯೇ ಮುಂದಿಟ್ಟಿದ್ದರು. ಅದೇ ದಶಕದಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಥಾಮಸ್ ಆ್ಯಲನ್ ಸಂಶೋಧನಾಲಯಗಳ ಎಂಜಿನಿಯರುಗಳನ್ನು ಗಮನಿಸಿ, ಮೇಜುಗಳ ನಡುವಣ ಅಂತರ ಹೆಚ್ಚಿದಂತೆ ಮಾತು ಎಷ್ಟು ಬೇಗ ಕ್ಷೀಣಿಸುತ್ತದೆಂಬುದನ್ನು ತೋರಿಸಿದರು. ಸುಮಾರು 50 ಮೀಟರು ದಾಟಿದರೆ ಒಂದೇ ಕಟ್ಟಡದಲ್ಲಿದ್ದೂ ದೂರವಿದ್ದಂತೆಯೇ!

ಆದರೆ ಮಾತು ಕುಗ್ಗಿದರೆ ನಷ್ಟ ಯಾರಿಗೆ? ಇದಕ್ಕೆ ಉತ್ತರ ಮತ್ತೊಂದು ಅಧ್ಯಯನದಲ್ಲಿದೆ. ಅಮೆರಿಕದ ದೊಡ್ಡ ಸಂಸ್ಥೆಯೊಂದರ ತಂತ್ರಾಂಶ ವಿಭಾಗ ಎರಡು ಕಟ್ಟಡಗಳಲ್ಲಿ ಹಂಚಿಕೊಂಡಿತ್ತು. ತಂಡದವರೆಲ್ಲ ಒಂದೇ ಕಡೆ ಕುಳಿತಿದ್ದಲ್ಲಿ ಕಿರಿಯರ ಬರವಣಿಗೆಗೆ ಹಿರಿಯರ ತಿದ್ದುಪಡಿ, ಸಲಹೆಗಳು ಹೆಚ್ಚಾಗಿ ದೊರೆಯುತ್ತಿದ್ದುವು. 2020ರಲ್ಲಿ ಎಲ್ಲರೂ ಮನೆ ಸೇರಿದಾಗ ಆ ಹೆಚ್ಚಳ ಬಹುಮಟ್ಟಿಗೆ ಕರಗಿಹೋಯಿತು. ಇನ್ನೊಂದು ಸಂಗತಿಯೂ ಹೊರಬಿದ್ದಿತು: ಹೇಳಿಕೊಡುವುದರಲ್ಲಿ ಹೊತ್ತು ಹೋಗಿ ಹಿರಿಯರ ಸ್ವಂತ ಕೆಲಸ ಕಡಿಮೆಯಾಗುತ್ತಿತ್ತು.

ಅಧ್ಯಾಪಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅನುಮಾನ ಬಂದರೆ ಬರೆದು ಕೇಳಬಹುದಲ್ಲ ಎನ್ನುತ್ತಾರೆ. ಆದರೆ ಕೇಳಬೇಕಾದುದು ಯಾವುದೆಂದೇ ಅರಿಯದವನು ಏನೆಂದು ಬರೆದಾನು? ಕೋಪಗೊಂಡ ಗಿರಾಕಿಗೆ ಹಿರಿಯನು ತಣ್ಣಗೆ ಉತ್ತರ ಕೊಡುವ ಬಗೆ, ತನ್ನ ತಪ್ಪನ್ನು ನಾಲ್ವರೆದುರು ಒಪ್ಪಿಕೊಳ್ಳುವ ರೀತಿ, ಇಂಥವು ಯಾವ ಸುತ್ತೋಲೆಯಲ್ಲಿಯೂ ಸಿಕ್ಕುವುದಿಲ್ಲ. ಪಕ್ಕದಲ್ಲಿ ಕುಳಿತವನ ಕಿವಿಗೆ ತಾವಾಗಿ ಬೀಳುತ್ತವೆ. ಮೊದಲ ಕೆಲಸಕ್ಕೆ ಮನೆಯ ಕೋಣೆಯಿಂದಲೇ ಸೇರಿದ ತರುಣನಿಗೆ ಸಂಬಳ ಬಂದಿದೆ. ಈ ವಿದ್ಯೆ ಬಂದಿಲ್ಲ.

ಹಾಗೆಂದು ಎಲ್ಲರನ್ನೂ ವಾರವಿಡೀ ಕಟ್ಟಿಹಾಕಬೇಕೆಂದೂ ಅಲ್ಲ. ಚೀನದ ಟ್ರಿಪ್.ಕಾಮ್ ಸಂಸ್ಥೆಯ 1,612 ನೌಕರರ ನಡುವೆ 2021-22ರಲ್ಲಿ ಆರು ತಿಂಗಳ ಪ್ರಯೋಗವೊಂದು ನಡೆಯಿತು. ವಾರದಲ್ಲಿ ಎರಡು ದಿನ ಮನೆಯಿಂದ ದುಡಿಯಲು ಬಿಟ್ಟವರಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಮೂರನೆಯ ಒಂದರಷ್ಟು ಇಳಿಯಿತು. ಕೆಲಸದ ಮಟ್ಟ ಕುಂದಲಿಲ್ಲ. ದಿನಕ್ಕೆ ಎರಡು ಮೂರು ಗಂಟೆಗಳನ್ನು ಬೆಂಗಳೂರಿನ ರಸ್ತೆಗಳಿಗೆ ತೆರುವವರಿಗೆ ಈ ಬಿಡುವಿನ ಬೆಲೆ ಗೊತ್ತು.

ಆದುದರಿಂದ ಎಷ್ಟು ದಿನ ಎಂಬುದಕ್ಕಿಂತ, ಬಂದ ದಿನ ಏನು ನಡೆಯುತ್ತದೆ ಎಂಬುದೇ ಮುಖ್ಯ. ಕಿರಿಯನು ಸೋಮವಾರ, ಹಿರಿಯನು ಗುರುವಾರ ಬಂದು, ಇಬ್ಬರೂ ಕಿವಿಗೆ ಯಂತ್ರ ತಗುಲಿಸಿಕೊಂಡು ಪರವೂರಿನವರೊಡನೆ ಮಾತನಾಡಿ ಮರಳಿದರೆ ಹಾಜರಿ ಪುಸ್ತಕ ತುಂಬೀತು, ಅಷ್ಟೆ. ಇಬ್ಬರೂ ಒಂದೇ ದಿನ ಬರಬೇಕು. ಹೇಳಿಕೊಟ್ಟ ಹೊತ್ತನ್ನೂ ಹಿರಿಯನ ದುಡಿಮೆಯ ಲೆಕ್ಕಕ್ಕೆ ಹಿಡಿಯಬೇಕು. ತನಗೂ ಒಮ್ಮೆ ಯಾರೋ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಿದ್ದರೆಂಬುದನ್ನು ಅವನು ನೆನೆದರೆ, ಉಳಿದ ದಿನಗಳಲ್ಲಿ ಯಾರು ಎಲ್ಲಿ ಕುಳಿತು ದುಡಿದರೂ ಚಿಂತೆಯಿಲ್ಲ.